ಕಂತು ದುಡಿಮೆಗೆ ಹೊಂದಬೇಕು

ಸೋಲಾರ್ ಫಲಕಗಳ ಬೆಲೆ ಇಳಿದಿದೆ, ಹಾಗಾಗಿ ಬಡದೇಶಗಳ ಮನೆಗಳಿಗೂ ಸಣ್ಣ ಅಂಗಡಿಗಳಿಗೂ ಸೋಲಾರ್ ತಾನಾಗಿಯೇ ತಲುಪುತ್ತದೆ ಎಂದು ಲೇಖನವೊಂದು ಹೇಳುತ್ತದೆ; ಆ ಮಾತನ್ನು ನಾನು ಒಪ್ಪಲಾರೆ. ಪೂರ್ತಿ ದುಡ್ಡು ಒಂದೇ ಸಲ ಕೊಡಿ ಅಂದರೆ ದಿನಗೂಲಿಯವರು ಎಲ್ಲಿಂದ ತರಬೇಕು? ದೀಪದ ಸೀಮೆಎಣ್ಣೆಯನ್ನು ಅವರು ಬಾಟಲಿ ಲೆಕ್ಕದಲ್ಲಿ ಕೊಳ್ಳುತ್ತಾರೆ. ಸೋಲಾರ್ ಸಾಲದ ಕಂತೂ ಅಷ್ಟೇ ಸಣ್ಣದಿರಬೇಕು. ಬಾಂಗ್ಲಾದೇಶದಲ್ಲಿ 2003ರಲ್ಲಿ ಶುರುವಾದ ಇಡ್‌ಕಾಲ್ ಎಂಬ ಸರ್ಕಾರಿ ಹಣಕಾಸು ಸಂಸ್ಥೆಯ ಮನೆ ಸೋಲಾರ್ ಯೋಜನೆ 40 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿದ್ದು ಕಿರುಸಾಲದ ಬಲದಿಂದಲೇ. ಕೆನ್ಯಾದಲ್ಲಿ ಎಂ-ಕೋಪಾ ಎಂಬ ಕಂಪನಿ ಮೊಬೈಲ್ ಹಣದ ಮೂಲಕ ದಿನಗಂತು ತಂದಿತು. ಆದರೆ ಈ ಪದ್ಧತಿಯಲ್ಲಿ ಕಂತು ತಪ್ಪಿದರೆ ದೂರದಿಂದಲೇ ಉಪಕರಣ ಬಂದ್ ಆಗುತ್ತದೆ. ಸುಗ್ಗಿಯಲ್ಲಷ್ಟೇ ದುಡ್ಡು ಕಾಣುವ ರೈತರ ಮಕ್ಕಳು ಮಿಕ್ಕ ತಿಂಗಳು ಕತ್ತಲಲ್ಲಿ ಓದಬೇಕೇ? ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಬೆಳೆ ಕೈಗೆ ಬಂದಾಗ ದೊಡ್ಡ ಕಂತು, ಉಳಿದಾಗ ಚಿಕ್ಕದು ಅಂತ ಮಾಡಲು ಏನು ಕಷ್ಟ?

ರಾತ್ರಿಗೆಂದು ವಿದ್ಯುತ್ ಕೂಡಿಡುವ ಬ್ಯಾಟರಿಯ ವಿಷಯವನ್ನು ಲೇಖನ ಮುಟ್ಟಿಯೇ ಇಲ್ಲ. ಲೆಡ್ ಆಸಿಡ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಸಾಲ ತೀರಿತು ಅನ್ನುವಷ್ಟರಲ್ಲಿ ಹೊಸದಕ್ಕೆ ದುಡ್ಡು ಹುಡುಕಬೇಕು, ಸಿಗದಿದ್ದರೆ ಛಾವಣಿ ಮೇಲಿನ ಒಳ್ಳೆಯ ಫಲಕವೂ ವ್ಯರ್ಥ. ಬದಲಿ ಬ್ಯಾಟರಿಯ ಖರ್ಚನ್ನು ಮೊದಲೇ ಸಾಲದಲ್ಲಿ ಸೇರಿಸಲಿ. ಇನ್ನು ಹೊಲಿಗೆ ಯಂತ್ರವನ್ನೋ ಫ್ರಿಜ್ಜನ್ನೋ ಸೋಲಾರಿನಲ್ಲಿ ಓಡಿಸುವವರ ಹತ್ತಿರ ಬ್ಯಾಂಕುಗಳು ಜಮೀನಿನ ಪತ್ರ ಕೇಳುವುದನ್ನು ಬಿಟ್ಟು, ಆ ಯಂತ್ರ ತರುವ ಗಳಿಕೆ ನೋಡಿ ಸಾಲ ಕೊಡಲಿ.