ಸ್ಪಷ್ಟನೆ: ರೋಗನಿರೋಧಕ ಜೀನ್‌ನಲ್ಲಿ ವ್ಯತ್ಯಾಸ ಇದ್ದ ಮಾತ್ರಕ್ಕೆ ಬೊಜ್ಜು ಖಚಿತವಲ್ಲ

‘ರೋಗನಿರೋಧಕ ಜೀನ್‌ನಲ್ಲಿ ವ್ಯತ್ಯಾಸವಿದ್ದರೆ ಬೊಜ್ಜು ಬಂದೇ ಬರುತ್ತದೆ, ಡಯಟ್ ಮಾಡಿ ಪ್ರಯೋಜನವಿಲ್ಲ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ದಯವಿಟ್ಟು ಇದನ್ನು ನಂಬಿ ವಾಕಿಂಗ್ ಬಿಡಬೇಡಿ.

ರೋಗನಿರೋಧಕ ವ್ಯವಸ್ಥೆಗೂ ಬೊಜ್ಜಿಗೂ ಸಂಬಂಧ ಇರುವುದು ನಿಜ. ಕೊಬ್ಬು ಸುಮ್ನೆ ಕೂತಿರುವ ಗಂಟಲ್ಲ, ಅದರೊಳಗೆ ರೋಗನಿರೋಧಕ ಜೀವಕೋಶಗಳೂ ಇವೆ. ಬೊಜ್ಜು ಬೆಳೆದಾಗ ಕೊಬ್ಬಿನಿಂದ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನ್ ಜಾಸ್ತಿ ಬರುತ್ತದೆ. ಇಲಿಗಳಲ್ಲಿ ಇದು 1993ರಲ್ಲೇ ಗೊತ್ತಾಗಿತ್ತು. ಅಂದರೆ ಎಷ್ಟೋ ಸಲ ಬೊಜ್ಜು ಮೊದಲು, ಉರಿಯೂತ ಆಮೇಲೆ.

ಈ ಪ್ರೋಟೀನ್ ತಯಾರಿಸಲು ಬೇಕಾದ ರೋಗನಿರೋಧಕ ಜೀನ್ ಟಿಎನ್‌ಎಫ್. ಅದರ ಒಂದು ಜಾಗದಲ್ಲಿ ಕೆಲವರಿಗೆ ಡಿಎನ್‌ಎಯ ‘ಜಿ’ ಅಕ್ಷರದ ಬದಲು ‘ಎ’ ಇರುತ್ತದೆ. ಅದಕ್ಕೂ ತೂಕಕ್ಕೂ ನಂಟು ಹುಡುಕಿದ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಬೊಜ್ಜಿಗೇ ಹೆಸರಾದ ಎಫ್‌ಟಿಒ ಜೀನ್ ಬೇರೆಯದು. ಅದರಲ್ಲಿ ಬೊಜ್ಜಿನ ಅಪಾಯ ಹೆಚ್ಚಿಸುವ ರೂಪ ಅಪ್ಪ-ಅಮ್ಮ ಇಬ್ಬರಿಂದಲೂ ಬಂದಿದ್ದರೂ, ಆ ರೂಪ ಇಲ್ಲದವರಿಗಿಂತ ತೂಕ ಸರಾಸರಿ 3 ಕೆಜಿಯಷ್ಟು ಜಾಸ್ತಿ, ಅಷ್ಟೇ.