ಒಂದು ಮೂಗು, ನಾಲ್ಕು ಮಾತ್ರೆ

ಔಷಧಿ ಅಂಗಡಿಯವರ ಕೈಯಲ್ಲಿರುವ ಕತ್ತರಿಯ ಮೇಲೆ ನನಗೆ ಬಹುಕಾಲದ ಸಿಟ್ಟಿದೆ. ನೆಗಡಿಗೆಂದು ನಾಲ್ಕು ಮಾತ್ರೆ ಕೇಳಿದರೆ ಹತ್ತರ ಪಟ್ಟಿಯಿಂದ ಕಚಕ್ಕನೆ ಕತ್ತರಿಸಿ ಕೊಡುತ್ತಾರೆ. ಮಾತ್ರೆ ನಮ್ಮ ಪಾಲಿಗೆ, ಅದರೊಳಗೆ ಏನಿದೆ ಎಂಬ ಬರಹ ಅಂಗಡಿಯ ಪಾಲಿಗೆ. ಮೊನ್ನೆ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಕೊಂಡ ತುಂಡಿನ ಬೆನ್ನ ಮೇಲೆ ‘ಮಾಲ್ 5’ ಎಂದಷ್ಟೇ ಉಳಿದಿತ್ತು. ಐದರ ಮುಂದಿನ ಸೊನ್ನೆಗಳು ಯಾರ ಮನೆಗೆ ಹೋದವೋ ತಿಳಿಯದು. ಅವಧಿ ಮುಗಿಯುವ ದಿನಾಂಕ ಎಲ್ಲಿದೆ ಎಂದು ಕೇಳಿದ್ದಕ್ಕೆ ‘ಹೊಸ ಸ್ಟಾಕು ಸಾರ್’ ಎಂಬ ಉತ್ತರ ಬಂತು.

ಇಷ್ಟಕ್ಕೆಲ್ಲ ಮುನಿಸೇಕೆ ಎನ್ನುವವರು ನಮ್ಮ ಸೋದರಮಾವನ ಪ್ರಸಂಗವನ್ನು ಕೇಳಬೇಕು. ನನ್ನ ತಂಗಿಯ ಮದುವೆ ಮಾಘಮಾಸದಲ್ಲಿ ಇದೇ ಊರಿನ ಛತ್ರವೊಂದರಲ್ಲಿ ನಡೆಯಿತು. ನಂದಿಬೆಟ್ಟದ ಕಡೆಯಿಂದ ಇಳಿದ ಮಂಜಿಗೆ ಮಾವನ ಮೂಗು ವರಪೂಜೆಯ ರಾತ್ರಿಯೇ ಕಟ್ಟಿಕೊಂಡಿತ್ತು. ಬೆಳಿಗ್ಗೆ ಅವರು ಒಮ್ಮೆ ಸೀನಿದ್ದೇ ತಡ, ನೆಂಟರಿಷ್ಟರೆಲ್ಲ ವೈದ್ಯರಾದರು. ದೊಡ್ಡಮ್ಮ ವ್ಯಾನಿಟಿ ಬ್ಯಾಗಿನಿಂದ ನೆಗಡಿಯ ಮಾತ್ರೆ ತೆಗೆದರು, ಚಿಕ್ಕಪ್ಪ ಮೈಕೈ ನೋವಿನದನ್ನು ಕೊಟ್ಟರು, ಭಾವ ಜ್ವರ ಬಾರದಿರಲೆಂದು ಮುಂಜಾಗ್ರತೆಗೆ ಇನ್ನೊಂದನ್ನು ಸೇರಿಸಿದರು. ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಸೀನಿಗೆ ಅಲರ್ಜಿಯ ಮಾತ್ರೆಯೇ ಮದ್ದು ಎಂದು ಅದನ್ನೂ ಅಂಗೈಗೆ ಹಾಕಿದರು. ಬೀಗರು ಕೊಟ್ಟದ್ದನ್ನು ಬೇಡವೆನ್ನಲಾದೀತೇ? ನಾಲ್ಕೂ ಕತ್ತರಿ ಕಂಡ ತುಂಡುಗಳೇ ಆಗಿದ್ದವು. ಉಪ್ಪಿಟ್ಟಿನ ನಡುನಡುವೆ ನಾಲ್ಕೂ ಒಳಗೆ ಹೋದವು.

ಆಮೇಲೆ ನಾನು ಕೊಟ್ಟವರನ್ನೆಲ್ಲ ಹಿಡಿದು ಮಾತ್ರೆಗಳ ಹೆಸರು ಕೇಳಿ ಲೆಕ್ಕ ಹಾಕಿದೆ. ನೆಗಡಿಯದರಲ್ಲಿ 500, ನೋವಿನದರಲ್ಲಿ 325, ಜ್ವರದ್ದರಲ್ಲಿ 650 ಮಿಲಿಗ್ರಾಂ, ಮೂರರಲ್ಲೂ ಇದ್ದದ್ದು ಅದೇ ಪ್ಯಾರಾಸಿಟಮಾಲ್. ವಯಸ್ಕರು ಒಂದು ಹೊತ್ತಿಗೆ 1000 ಮಿಲಿಗ್ರಾಂ, ಇಡೀ ದಿನಕ್ಕೆ 4000 ಮಿಲಿಗ್ರಾಂ ದಾಟಬಾರದು, ದಾಟಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಸಾಲದ್ದಕ್ಕೆ ನೆಗಡಿಯ ಮಾತ್ರೆಯೊಳಗಿನ ಕ್ಲೋರ್‌ಫೆನಿರಮೈನ್ ಮತ್ತು ಬೀಗರ ಸೆಟಿರಿಜಿನ್ ಎರಡೂ ನಿದ್ದೆ ತರಿಸುವಂಥವು. ಬೈಕಿನಲ್ಲಿ ಹೂವಿನ ಮಾರುಕಟ್ಟೆಗೆ ಹೋಗಿ ಬರುತ್ತೇನೆಂದು ಕೀಲಿಕೈ ಹಿಡಿದಿದ್ದ ಮಾವ ಹಾಗೆಯೇ ಜಮಖಾನದ ಮೇಲೆ ಒರಗಿದ್ದು ನಮ್ಮ ಪುಣ್ಯ. ‘ಸೋದರಮಾವ ಹೆಣ್ಣನ್ನು ಕರೆದುಕೊಂಡು ಬರಬೇಕು’ ಎಂದು ಪುರೋಹಿತರು ಮೂರನೆಯ ಸಲ ಕೂಗಿದಾಗ ಅವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ ಮೇಲೆ ಇಬ್ಬರೂ ಕೈ ಹಿಡಿದು ಮಂಟಪಕ್ಕೆ ಬಂದರಾದರೂ, ಯಾರು ಯಾರನ್ನು ಕರೆತಂದರು ಎಂಬ ವಿಷಯದಲ್ಲಿ ಬೀಗರಿಗೂ ನಮಗೂ ಇಂದಿಗೂ ಒಮ್ಮತವಿಲ್ಲ.

ಮಾವನಿಗೆ ಬಿ.ಪಿ. ಬೇರೆ ಇದೆ. ನೆಗಡಿಯ ಮಾತ್ರೆಯಲ್ಲಿ ಸಾಮಾನ್ಯವಾಗಿ ಸೇರಿರುವ ಫಿನೈಲೆಫ್ರಿನ್ ರಕ್ತನಾಳವನ್ನು ಬಿಗಿಮಾಡುವ ವಸ್ತು, ಬಿ.ಪಿ. ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ನುಂಗಿದ ಫಿನೈಲೆಫ್ರಿನ್‌ನಿಂದ ಕಟ್ಟಿದ ಮೂಗು ಬಿಡುವುದೇ ಇಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿದ ಮೇಲೂ ಅದು ಮಾತ್ರೆಯೊಳಗೆ ಯಾವ ಉದ್ಯೋಗದ ಮೇಲೆ ಕುಳಿತಿದೆಯೋ ನಾನರಿಯೆ. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಔಷಧ ನಿಯಂತ್ರಕರು, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್‌ಗಳ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಲೇಬಲ್ಲಿನ ಮೇಲೆ ಎಚ್ಚರಿಕೆ ಮುದ್ರಿಸಲು ಕಂಪನಿಗಳಿಗೆ ತಿಳಿಸಿದರು. ಲೇಬಲ್ಲನ್ನೇ ಕಾಣದ ದೊಡ್ಡಮ್ಮನಂಥವರಿಗೆ ಆ ಎಚ್ಚರಿಕೆ ತಲುಪುವ ಬಗೆ ಹೇಗೆ? ಆ ಬೆಳಿಗ್ಗೆಯೇ ಅವರು ಮೊಮ್ಮಗುವಿಗೂ ಅರ್ಧ ಮಾತ್ರೆ ಮುರಿಯುತ್ತಿದ್ದರು. ಸೊಸೆ ಕಿತ್ತುಕೊಂಡದ್ದಕ್ಕೆ ಊಟದ ಹೊತ್ತಿನವರೆಗೂ ಮುಖ ಗಂಟಿಕ್ಕಿದ್ದರು.

ಮರುದಿನ ಬಲವಂತದಿಂದ ಮಾವನನ್ನು ವೈದ್ಯರ ಬಳಿ ಕರೆದೊಯ್ದೆವು. ಅವರು ಪರೀಕ್ಷಿಸಿ, ನುಂಗಿದ್ದೇ ಸಾಕು, ಬಿಸಿನೀರು ಕುಡಿದು ಎರಡು ದಿನ ಸುಮ್ಮನೆ ಮಲಗಿ ಎಂದರು. ‘ಒಂದು ಮಾತ್ರೆಯನ್ನೂ ಬರೆಯದೆ ಫೀಸು ತಗೊಂಡ್ರಲ್ಲಪ್ಪ’ ಎಂದು ದಾರಿಯುದ್ದಕ್ಕೂ ಗೊಣಗಿದ ಮಾವ ಆ ವೈದ್ಯರ ಕಡೆಗೆ ಮತ್ತೆ ತಲೆ ಹಾಕಿಲ್ಲ.