ಒತ್ತಕ್ಷರ ನುಂಗೋ ಸಬ್‌ಟೈಟಲ್

ಮಲ್ಲೇಶ್ವರದ ನಮ್ಮನೇಲಿ ರಾತ್ರಿ ಊಟ ಆದ್ಮೇಲೆ ಅಮ್ಮಂಗೆ ಮಲಯಾಳಂ ಸಿನಿಮಾ ಬೇಕು, ಕನ್ನಡ ಸಬ್‌ಟೈಟಲ್ ಜೊತೆ. ನಾಯಕ ಬಿಳಿ ಪಂಚೆ ಉಟ್ಕೊಂಡು ಬಂದ್ರೆ ಬಿಳಿ ಅಕ್ಷರ ಪಂಚೆಯೊಳಗೇ ಮಾಯ! "ಏನಂದ್ನೋ ಅವ್ನು?" ಅಂತಾರೆ. ನಾನು ಓದಿ ಹೇಳೋಷ್ಟರಲ್ಲಿ ಮುಂದಿನ ಮಾತು ಬಂದಾಗಿರುತ್ತೆ.

ಸಿನಿಮಾ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋದ್ರೆ ಅಕ್ಷರದ ಗಾತ್ರ ಸಣ್ಣದು, ಮಧ್ಯಮ, ದೊಡ್ಡದು, ಅಷ್ಟೇ. ದೊಡ್ಡದು ಒತ್ತಿದ್ರೆ ಕೆಳಗಿನ ಸಾಲು ಮೇಲಿನ ಸಾಲಿನ ಒತ್ತಕ್ಷರದ ಮೇಲೆ ಹತ್ತಿ ಕೂರುತ್ತೆ. 'ಅಕ್ಕ' ಹೋಗಿ 'ಅಕ'. ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ ನಮ್ಮ ಲಿಪಿಗೆ ಆಗುತ್ತಾ?

ಸಬ್‌ಟೈಟಲ್ ಇಡೋ ಎಸ್‌ಆರ್‌ಟಿ ಫೈಲ್ ಅಂದ್ರೆ ಬರೀ ಮಾತು, ಅದು ಬರೋ ಸಮಯ ತಾನೇ? ಪುಕ್ಕಟೆ ಸಿಗೋ ವಿಡಿಯೋ ಪ್ಲೇಯರ್ ವಿಎಲ್‌ಸಿಯಲ್ಲಿ ಬಣ್ಣ, ಗಾತ್ರ, ಹಿಂದಿನ ಕಪ್ಪು ಪಟ್ಟಿ ಎಲ್ಲಾ ನಮ್ಮಿಷ್ಟ. ತಿಂಗಳಾ ದುಡ್ಡು ಕಟ್ಟೋ ಈ ಆ್ಯಪ್‌ನಲ್ಲಿ ಇಲ್ಲ!

ಅಮ್ಮ ಈಗ ಕುರ್ಚಿನೇ ಟಿವಿ ಹತ್ರ ಎಳ್ಕೊಂಡಿದಾರೆ. ನಂಗೆ ಕಾಣೋದು ಅವರ ತುರುಬು ಮಾತ್ರ.